ಮಗಳ ಭಾಷಣಕ್ಕೆ ಸಹಾಯ ಬೇಕು: ಕ್ಲಾರಾ ಬಾರ್ಟನ್ ನರ್ಸ್ ಹೌದೋ ಅಲ್ಲವೋ?

ಹೊಸಮನೆ:
ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ತರಗತಿ. ಶಾಲೆಯ ಜೂನಿಯರ್ ರೆಡ್ ಕ್ರಾಸ್ ಘಟಕಕ್ಕೆ ಈ ವರ್ಷ ಸೇರಿದ್ದಾಳೆ. ಮುಂದಿನ ಶನಿವಾರ ಘಟಕದ ಉದ್ಘಾಟನೆ, ಅಲ್ಲಿ ಐದು ನಿಮಿಷ ಮಾತನಾಡು ಎಂದು ಟೀಚರ್ ಒಂದು ಚೀಟಿ ಬರೆದುಕೊಟ್ಟಿದ್ದಾರೆ. ವಿಷಯ "ರಣರಂಗದ ದೇವತೆ ಕ್ಲಾರಾ ಬಾರ್ಟನ್". ಕೆಳಗೆ ನಾಲ್ಕೇ ಸಾಲು: ಅಮೆರಿಕದವರು, ತರಬೇತಿ ಪಡೆದ ನರ್ಸ್, ರೆಡ್ ಕ್ರಾಸ್ ಸ್ಥಾಪಕಿ, 1912ರಲ್ಲಿ ನಿಧನ. ನಾಲ್ಕು ಸಾಲನ್ನು ಐದು ನಿಮಿಷಕ್ಕೆ ಎಳೆಯುವುದು ಹೇಗೆ?

ಇದರ ಮೇಲೆ ನಿನ್ನೆ ರಾತ್ರಿ ಊಟದ ಹೊತ್ತಿನಲ್ಲಿ ಮನೆಯಲ್ಲಿ ವಾದ. ರೆಡ್ ಕ್ರಾಸ್ ಶುರು ಮಾಡಿದ್ದು ಸ್ವಿಟ್ಜರ್ಲೆಂಡಿನ ಒಬ್ಬ ಗಂಡಸು ಎಂದು ನಮ್ಮ ಯಜಮಾನರು. ಅಲ್ಲ, ರಾತ್ರಿ ಹೊತ್ತು ದೀಪ ಹಿಡಿದು ರೋಗಿಗಳ ನಡುವೆ ಓಡಾಡುತ್ತಿದ್ದ ಹೆಂಗಸು ಎಂದು ಮಾವನವರು. ಮಗಳು ಇಬ್ಬರ ಮುಖವನ್ನೂ ನೋಡಿ, "ಚೀಟಿಯಲ್ಲಿ ಇರುವುದನ್ನೇ ಹೇಳುತ್ತೇನೆ, ಬಿಡಿ" ಎಂದು ಕೈತೊಳೆಯಲು ಎದ್ದು ಹೋದಳು. ಗೊತ್ತಿರುವವರು ದಯವಿಟ್ಟು ತಿಳಿಸಿ.

ಬೆಣ್ಣೆದೋಸೆ:
ದೀಪ ಹಿಡಿದವರು ಫ್ಲಾರೆನ್ಸ್ ನೈಟಿಂಗೇಲ್. ಮಾವನವರಿಗೆ ಅರ್ಧ ಅಂಕ.

ಹಳೆಪೇಪರ್:
ಯಜಮಾನರಿಗೆ ಮುಕ್ಕಾಲು ಅಂಕ ಕೊಡಬಹುದು. ಅವರು ಹೇಳಿದ ಗಂಡಸು ಹೆನ್ರಿ ಡ್ಯೂನಾಂಟ್, ಜಿನೀವಾದ ವ್ಯಾಪಾರಿ. 1859ರ ಜೂನ್ 24ರಂದು ಇಟಲಿಯ ಸಾಲ್ಫರಿನೋದಲ್ಲಿ ಯುದ್ಧ ನಡೆದಾಗ ತನ್ನ ಯಾವುದೋ ವ್ಯವಹಾರದ ಕೆಲಸಕ್ಕೆ ಆ ಕಡೆ ಹೋಗಿದ್ದ. ಸತ್ತವರು, ಗಾಯಗೊಂಡವರು ಸೇರಿ ಸುಮಾರು 40,000 ಮಂದಿ ಬಿದ್ದಿದ್ದನ್ನು ಕಂಡು, ವ್ಯಾಪಾರ ಮರೆತು ಊರ ಹೆಂಗಸರನ್ನು ಸೇರಿಸಿಕೊಂಡು ಆರೈಕೆಗೆ ನಿಂತ. ಅದರಿಂದ 1863ರಲ್ಲಿ ರೆಡ್ ಕ್ರಾಸ್‌ನ ಮೂಲವಾದ ಜಿನೀವಾ ಸಮಿತಿ, 1864ರಲ್ಲಿ ಯುದ್ಧದ ಗಾಯಾಳುಗಳನ್ನು ಕಾಪಾಡುವ ಜಿನೀವಾ ಒಪ್ಪಂದ. 1901ರ ಮೊಟ್ಟಮೊದಲ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಅರ್ಧ ಪಾಲು ಅವನಿಗೆ ಸಂದಿತು.

ಬಾರ್ಟನ್ ಕಟ್ಟಿದ್ದು ಅಮೆರಿಕದ ರೆಡ್ ಕ್ರಾಸ್, 1881ರ ಮೇ 21ರಂದು. ಆಗ ಆಕೆಗೆ 59 ವರ್ಷ. ಚೀಟಿಯಲ್ಲಿ "ಅಮೆರಿಕದ" ಎಂಬ ಒಂದು ಪದ ಬಿಟ್ಟುಹೋಗಿದೆ, ಅಷ್ಟಕ್ಕೆ ನಿಮ್ಮ ಊಟ ಕೆಟ್ಟಿದೆ.

ರಾತ್ರಿಪಾಳಿ:
ಆ ಚೀಟಿಯಲ್ಲಿ "ತರಬೇತಿ ಪಡೆದ ನರ್ಸ್" ಎಂಬ ಸಾಲನ್ನು ಮೊದಲು ಹೊಡೆದುಹಾಕಿ. ನಾನು ಹತ್ತೊಂಬತ್ತು ವರ್ಷದಿಂದ ಈ ವೃತ್ತಿಯಲ್ಲಿದ್ದೇನೆ, ಆದ್ದರಿಂದ ಇದನ್ನು ಕಂಡರೆ ಸಿಟ್ಟು ಬರುತ್ತದೆ. ಬಾರ್ಟನ್ ಒಂದು ದಿನವೂ ನರ್ಸಿಂಗ್ ಓದಿದವರಲ್ಲ. ಶಾಲೆಯಲ್ಲಿ ಪಾಠ ಹೇಳುತ್ತಿದ್ದರು, ಆಮೇಲೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಮನಸ್ಸು ಕರಗಿ ಯಾರು ಗಾಯಕ್ಕೆ ಬಟ್ಟೆ ಕಟ್ಟಿದರೂ "ನರ್ಸ್" ಎಂದುಬಿಡುತ್ತಾರೆ. ಮೊಳೆ ಹೊಡೆದವರನ್ನೆಲ್ಲ ಎಂಜಿನಿಯರ್ ಎನ್ನುತ್ತಾರೆಯೇ? ನಾಲ್ಕು ವರ್ಷ ಓದಿ, ನೋಂದಣಿ ಮಾಡಿಸಿಕೊಂಡು ಬಂದವರಿಗೆ ಮಾತ್ರ ಯಾಕೆ ಈ ಗತಿ?

ಇನ್ನು "ದೇವತೆ". ದೇವತೆಗೆ ಸಂಬಳ ಹೆಚ್ಚಿಸಬೇಕಾಗಿಲ್ಲ, ವಾರದ ರಜೆಯೂ ಬೇಡ. ಅದಕ್ಕೇ ಎಲ್ಲರಿಗೂ ಆ ಪದ ಇಷ್ಟ.

ಬೆಣ್ಣೆದೋಸೆ:
ಅಕ್ಕ, "ದಾದಿ" ಎಂದರೆ ಪರವಾಗಿಲ್ಲವೇ? ಪತ್ರಿಕೆಗಳಲ್ಲಿ ಹಾಗೆಯೇ ಬರೆಯುತ್ತಾರಲ್ಲ.

ರಾತ್ರಿಪಾಳಿ:
ದಾದಿ ಎಂದರೆ ಮಗುವಿಗೆ ಹಾಲೂಡಿಸುವವಳು. ಕಾಗದದಲ್ಲಿ ಶುಶ್ರೂಷಾಧಿಕಾರಿ ಎಂದು ಬರೆಯಲಿ, ವಾರ್ಡಿನಲ್ಲಿ ಸಿಸ್ಟರ್ ಎಂದು ಕರೆಯಲಿ. "ಏ ಇವಳೇ" ಎನ್ನದಿದ್ದರೆ ಸಾಕು.

ನಿವೃತ್ತ ಮೇಷ್ಟರು:
ರಾತ್ರಿಪಾಳಿ ಮೇಡಂ, ನಿಮ್ಮ ಸಿಟ್ಟು ನ್ಯಾಯವೇ. ಆದರೆ ಕಾಲ ನೋಡಿ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆದದ್ದು 1861ರಿಂದ 1865ರವರೆಗೆ. ಅಲ್ಲಿ ನೈಟಿಂಗೇಲ್ ಮಾದರಿಯ ನರ್ಸಿಂಗ್ ಶಾಲೆಗಳು ತೆರೆದದ್ದು 1873ರಲ್ಲಿ. ಬಾರ್ಟನ್ ಯಾವ ಶಾಲೆಗೆ ಹೋಗಬೇಕಿತ್ತು? ಸೇನೆಯ ನರ್ಸ್‌ಗಳ ಮೇಲ್ವಿಚಾರಕಿ ಡೊರೊಥಿಯಾ ಡಿಕ್ಸ್ ಹಾಕಿದ್ದ ಷರತ್ತುಗಳನ್ನು ಕೇಳಿದ್ದೀರಾ? ವಯಸ್ಸು 35 ದಾಟಿರಬೇಕು, ಮುಖದಲ್ಲಿ ಅಂದ ಇರಬಾರದು, ಉಡುಪು ಕಂದು ಅಥವಾ ಕಪ್ಪು. ತರಬೇತಿಯ ಮಾತೇ ಇಲ್ಲ! ಬಾರ್ಟನ್ ಆ ಪಟ್ಟಿಗೂ ಸೇರಲಿಲ್ಲ, ಸ್ವತಂತ್ರವಾಗಿಯೇ ಹೊರಟರು.

ತರಬೇತಿ ಎನ್ನುವುದಾದರೆ ಒಂದೇ ಒಂದಿತ್ತು. ಮ್ಯಾಸಚೂಸೆಟ್ಸ್‌ನ ನಾರ್ತ್ ಆಕ್ಸ್‌ಫರ್ಡ್‌ನಲ್ಲಿ 1821ರ ಡಿಸೆಂಬರ್ 25ರಂದು ಹುಟ್ಟಿದವರು, ಐವರು ಮಕ್ಕಳಲ್ಲಿ ಕೊನೆಯವರು. ಹನ್ನೊಂದರ ವಯಸ್ಸಿನ ಹೊತ್ತಿಗೆ ಅಣ್ಣ ಡೇವಿಡ್ ಕಟ್ಟುತ್ತಿದ್ದ ಕಣಜದ ಮಾಡಿನಿಂದ ಕೆಳಗೆ ಬಿದ್ದ. ಎರಡು ವರ್ಷ ಈ ಹುಡುಗಿ ಅವನ ಮಂಚ ಬಿಟ್ಟು ಕದಲಲಿಲ್ಲ. ಔಷಧಿ ಕೊಡುವುದು, ರಕ್ತ ಹೀರಲು ಜಿಗಣೆ ಹಚ್ಚುವುದು, ತೆಗೆಯುವುದು, ಎಲ್ಲವೂ ಅವಳದೇ. ವೈದ್ಯರು ಕೈಬಿಟ್ಟ ಮೇಲೂ ಅವನು ಬದುಕಿಕೊಂಡ.

ನನಗೆ, ಹಳೆಯ ಮೇಷ್ಟರಾಗಿ, ಹೆಚ್ಚು ನೆನಪಿರುವುದು ಬೇರೆ ಸಂಗತಿ. 1852ರಲ್ಲಿ ನ್ಯೂಜೆರ್ಸಿಯ ಬಾರ್ಡನ್‌ಟೌನ್‌ನಲ್ಲಿ ಶುಲ್ಕವಿಲ್ಲದ ಶಾಲೆ ತೆರೆದರು. ಮೊದಲ ದಿನ ಆರು ಮಕ್ಕಳು. ಮಕ್ಕಳ ಸಂಖ್ಯೆ ನೂರು ದಾಟಿ ಇನ್ನೂರು ದಾಟಿ ಬೆಳೆಯಿತು, ಊರಿನವರು ದೊಡ್ಡ ಕಟ್ಟಡವನ್ನೇ ಕಟ್ಟಿಸಿದರು. ಕಟ್ಟಡವಾದ ಕೂಡಲೇ ಇಷ್ಟು ದೊಡ್ಡ ಶಾಲೆಯನ್ನು ಹೆಂಗಸು ನಡೆಸುವುದು ಹೇಗೆ ಎಂದು ಮುಖ್ಯೋಪಾಧ್ಯಾಯನಾಗಿ ಒಬ್ಬ ಗಂಡಸನ್ನು, ಹೆಚ್ಚು ಸಂಬಳ ಕೊಟ್ಟು, ತಂದು ಕೂರಿಸಿದರು. ಬಾರ್ಟನ್‌ಗೆ ಗಂಟಲೇ ಕಟ್ಟಿಹೋಯಿತು, ಅಕ್ಷರಶಃ ಸ್ವರ ನಿಂತಿತು. ರಾಜೀನಾಮೆ ಕೊಟ್ಟು ವಾಷಿಂಗ್ಟನ್‌ಗೆ ಹೋದರು. ಇದು ನಡೆಯದಿದ್ದರೆ ಆಕೆ ಯುದ್ಧದ ಹತ್ತಿರವೇ ಬರುತ್ತಿರಲಿಲ್ಲ.

ತುಂಗಾತೀರ:
ಮೇಷ್ಟರೇ, ನೀವು ಕೆಲಸ ಮಾಡಿದ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯಿನಿಯರು ಎಷ್ಟು ಮಂದಿ ಇದ್ದರು?

ನಿವೃತ್ತ ಮೇಷ್ಟರು:
ಮೂವತ್ತೆರಡು ವರ್ಷದಲ್ಲಿ ಇಬ್ಬರು. ಹೊಡೆಯಿರಿ, ತಲೆ ಬಗ್ಗಿಸಿದ್ದೇನೆ.

ಬೆಣ್ಣೆದೋಸೆ:
ಜಿಗಣೆ ಎಂದಿರಲ್ಲ, ನಮ್ಮ ಅಜ್ಜ ತೋಟಕ್ಕೆ ಹೋಗುವಾಗ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಳ್ಳುತ್ತಿದ್ದರು. ಹಚ್ಚಿಸಿಕೊಳ್ಳುವುದಕ್ಕೆ ದುಡ್ಡು ಕೊಡುತ್ತಿದ್ದರು ಎಂದರೆ ಅವರು ನಂಬುತ್ತಿರಲಿಲ್ಲ.

ತುಂಗಾತೀರ:
ಈಗಲೂ ಕೆಲವು ಶಸ್ತ್ರಚಿಕಿತ್ಸೆಗಳ ನಂತರ ಜಿಗಣೆ ಬಳಸುತ್ತಾರೆ, ಕತ್ತರಿಸಿ ಜೋಡಿಸಿದ ಬೆರಳಿನಲ್ಲಿ ರಕ್ತ ಕಟ್ಟದಿರಲಿ ಎಂದು. ವಿಷಯಕ್ಕೆ ಬನ್ನಿ ಎಲ್ಲರೂ. ಆ ಮಗು ಶನಿವಾರ ಮಾತನಾಡಬೇಕು.

ಹಳೆಪೇಪರ್:
ವಿಷಯಕ್ಕೆ ಬರುತ್ತೇನೆ. ಭಾಷಣಕ್ಕೆ ಒಂದು ದೃಶ್ಯ ಬೇಕೆಂದರೆ ಆಂಟೀಟಮ್ ತೆಗೆದುಕೊಳ್ಳಿ. 1862ರ ಸೆಪ್ಟೆಂಬರ್ 17, ಮೇರಿಲ್ಯಾಂಡ್ ರಾಜ್ಯ. ಒಂದೇ ದಿನದಲ್ಲಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸುಮಾರು 23,000. ಅಮೆರಿಕದ ಇತಿಹಾಸದಲ್ಲಿ ಅಷ್ಟು ರಕ್ತ ಹರಿದ ಇನ್ನೊಂದು ದಿನ ಇಲ್ಲ.

ಸೇನೆಯ ಬಂಡಿಗಳ ಸಾಲು ಮೈಲಿಗಟ್ಟಲೆ. ಮದ್ದುಗುಂಡು ಮುಂದೆ, ಊಟ ಅದರ ಹಿಂದೆ, ಔಷಧಿ ಎಲ್ಲಕ್ಕಿಂತ ಕೊನೆಗೆ. ಬಾರ್ಟನ್ ರಾತ್ರಿ ಎಲ್ಲರೂ ಬಂಡಿ ಬಿಚ್ಚಿ ಮಲಗಿದ ಮೇಲೆ ತನ್ನ ಹೇಸರಗತ್ತೆಗಳನ್ನು ಮತ್ತೆ ಕಟ್ಟಿಸಿ, ಸಾಲನ್ನು ದಾಟಿಸಿಕೊಂಡು ಫಿರಂಗಿಗಳ ಬೆನ್ನಿಗೇ ಹೋಗಿ ನಿಂತರು. ಹೊಲದ ನಡುವಿನ ಒಂದು ಮನೆಯಲ್ಲಿ ಡಾಕ್ಟರುಗಳು ಗಾಯಕ್ಕೆ ಕಟ್ಟಲು ಬಟ್ಟೆ ಇಲ್ಲದೆ ಮುಸುಕಿನ ಜೋಳದ ಮುಸುಕನ್ನೇ ಸುಲಿದು ಸುತ್ತುತ್ತಿದ್ದರು. ಆ ಹೊತ್ತಿಗೆ ಈಕೆಯ ಬಂಡಿ ಬಂತು. ಬ್ಯಾಂಡೇಜು ಬಂತು, ಕತ್ತಲಾಗುವ ಹೊತ್ತಿಗೆ ಲಾಂದ್ರಗಳೂ ಹೊರಬಿದ್ದವು. "ರಣರಂಗದ ದೇವತೆ" ಎಂದು ಬರೆದದ್ದು ಅಲ್ಲಿದ್ದ ಡಾಕ್ಟರ್ ಜೇಮ್ಸ್ ಡನ್.

ಒಬ್ಬ ಸೈನಿಕನ ತಲೆ ಎತ್ತಿ ಹಿಡಿದು ನೀರು ಕುಡಿಸುತ್ತಿದ್ದಾಗ ಒಂದು ಗುಂಡು ಬಾರ್ಟನ್ ಅವರ ತೋಳಿನ ಬಟ್ಟೆಯನ್ನು ತೂರಿ ಅವನ ಎದೆಗೆ ಹೊಕ್ಕಿತು. ಅವನು ಅಲ್ಲೇ ಸತ್ತ. ಬಟ್ಟೆಯ ಆ ತೂತನ್ನು ಆಕೆ ಕೊನೆಗೂ ಹೊಲಿಯಲಿಲ್ಲವಂತೆ. ಇನ್ನೊಬ್ಬನ ಕೆನ್ನೆಯಲ್ಲಿ ಗುಂಡು ಸಿಕ್ಕಿಕೊಂಡಿತ್ತು, ನೋವು ತಾಳಲಾರೆ, ತೆಗೆದುಬಿಡಿ ಎಂದ. ಜೇಬಿನ ಚಾಕುವಿನಿಂದ ಕೊಯ್ದು ತೆಗೆದರು.

ಹೊಸಮನೆ:
ತೂತು ಹೊಲಿಯದ ತೋಳು ಮಗಳಿಗೆ ಬಹಳ ಇಷ್ಟವಾಯಿತು. ಚಾಕುವಿನ ವಿಷಯ ಬೇಡ ಎಂದಳು, ಒಂದನೇ ತರಗತಿಯ ಮಕ್ಕಳೂ ಕೂತಿರುತ್ತಾರಂತೆ.

ರಾತ್ರಿಪಾಳಿ:
ಹಳೆಪೇಪರ್ ಅವರೇ, ನೀವು ನನ್ನ ವಾದವನ್ನೇ ಗಟ್ಟಿ ಮಾಡಿದಿರಿ. ಆ ದಿನ ಬಾರ್ಟನ್ ಮಾಡಿದ್ದರಲ್ಲಿ ಯಾವುದು ದೊಡ್ಡದು? ನೀರು ಕುಡಿಸಿದ್ದೇ? ಇಲ್ಲ. ಬಂಡಿಯನ್ನು ಹೊತ್ತಿಗೆ ಸರಿಯಾಗಿ ತಂದು ನಿಲ್ಲಿಸಿದ್ದು. ವಾರ್ಡಿನ ಭಾಷೆಯಲ್ಲಿ ಹೇಳುವುದಾದರೆ ಅದು ಸ್ಟೋರಿನ ಕೆಲಸ.

ಇದನ್ನು ಕೀಳು ಮಾಡಿ ಹೇಳುತ್ತಿಲ್ಲ. ಒಂದು ಕಥೆ ಹೇಳುತ್ತೇನೆ. ವೃತ್ತಿಗೆ ಸೇರಿದ ಎರಡನೇ ವರ್ಷ, ಊರು ಬೇಡ, ಆಸ್ಪತ್ರೆಯ ಹೆಸರೂ ಬೇಡ. ರಾತ್ರಿ ಒಂದೂವರೆಗೆ ಮದುವೆ ದಿಬ್ಬಣದ ಟೆಂಪೋ ಮಗುಚಿ ಹದಿನಾಲ್ಕು ಜನ ಬಂದರು. ನನಗೆ ಕೈ ಇತ್ತು, ಕಲಿತ ವಿದ್ಯೆ ಇತ್ತು. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಇರಲಿಲ್ಲ. ಸ್ಟೋರಿಗೆ ಬೀಗ, ಬೀಗದ ಕೈ ಇದ್ದವರು ಮನೆಯಲ್ಲಿ, ಅವರ ಮೊಬೈಲ್ ಸ್ವಿಚ್ ಆಫ್. ಕೊನೆಗೆ ನಮ್ಮ ಆಯಾ ಒಬ್ಬರು, ಅಕ್ಷರ ಬಾರದ ಹೆಂಗಸು, ಮೂಲೆಯ ಡ್ರಮ್ಮಿನ ಹಿಂದಿನಿಂದ ಎರಡು ಕಟ್ಟು ತೆಗೆದುಕೊಟ್ಟರು. "ಇಂಥ ರಾತ್ರಿ ಬಂದೇ ಬರುತ್ತದೆ ಎಂದು ಎತ್ತಿಟ್ಟಿದ್ದೆ ಸಿಸ್ಟರ್" ಎಂದರು. ಲೆಕ್ಕದ ಪ್ರಕಾರ ಅದು ಕಳ್ಳತನ. ಬಾರ್ಟನ್ ಬಗ್ಗೆ ಓದಿದಾಗಲೆಲ್ಲ ನನಗೆ ಆ ಆಯಾ ನೆನಪಾಗುತ್ತಾರೆ, ನೈಟಿಂಗೇಲ್ ಅಲ್ಲ.

ಆದ್ದರಿಂದ ನರ್ಸ್ ಎನ್ನಬೇಡಿ. ಸಾಮಾನು ಬೇಕಾದಲ್ಲಿಗೆ ಮುಟ್ಟಿಸಿದವರು ಎನ್ನಿ.

ನಿವೃತ್ತ ಮೇಷ್ಟರು:
ಆದರೆ 1864ರಲ್ಲಿ ಜನರಲ್ ಬಟ್ಲರ್ ತನ್ನ ಸೇನೆಯ ಮುಂಚೂಣಿ ಆಸ್ಪತ್ರೆಗಳ ಹೊಣೆಯನ್ನು ಬಾರ್ಟನ್‌ಗೇ ಕೊಟ್ಟನಲ್ಲ? ಹೊಣೆ ಹೊತ್ತವರನ್ನೂ ನರ್ಸ್ ಅಲ್ಲ ಎನ್ನುತ್ತೀರಾ?

ರಾತ್ರಿಪಾಳಿ:
ಮೇಷ್ಟರೇ, ಹೊಣೆ ಕೊಟ್ಟರೆಂದರೆ ಕೆಲಸ ಗೊತ್ತಿತ್ತು ಎಂದಾಯಿತು, ಓದಿದ್ದರು ಎಂದಾಗಲಿಲ್ಲ. ಒಂದು ಹೆಜ್ಜೆ ಹಿಂದೆ ಇಡುತ್ತೇನೆ: "ತರಬೇತಿ ಇಲ್ಲದ ನರ್ಸ್". ಇದಕ್ಕಿಂತ ಹಿಂದೆ ಗೋಡೆ ಇದೆ.

ಹಳೆಪೇಪರ್:
ನೈಟಿಂಗೇಲ್ ಅವರನ್ನು ಬರೀ ದೀಪಕ್ಕೆ ಕಟ್ಟಿಹಾಕಬೇಡಿ ಮೇಡಂ. 1854ರ ನವೆಂಬರಿನಲ್ಲಿ 38 ಹೆಂಗಸರೊಂದಿಗೆ ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಟರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದರು, ನಿಜ. ಆದರೆ ಅಲ್ಲಿ ಸಾವು ಇಳಿದದ್ದು 1855ರ ಮಾರ್ಚಿನಲ್ಲಿ ನೈರ್ಮಲ್ಯ ಆಯೋಗದವರು ಬಂದು ಆಸ್ಪತ್ರೆಯ ಅಡಿಯ ಚರಂಡಿ ಸ್ವಚ್ಛ ಮಾಡಿಸಿದ ಮೇಲೆ. ಅದನ್ನು ಅರಿತುಕೊಂಡು ಮುಂದಿನ ಬದುಕನ್ನೆಲ್ಲ ಅಂಕಿ, ಸಂಖ್ಯೆ, ಚರಂಡಿ, ನೀರು ಎಂದು ಕಳೆದರು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದಾರೆ ಎಂದು 1863ರಲ್ಲಿ ಲೆಕ್ಕ ಹಾಕಿ ತೋರಿಸಿದ ವರದಿಯ ಹಿಂದೆ ಅವರ ಕೈ ಇತ್ತು. ಭಾರತಕ್ಕೆ ಒಮ್ಮೆಯೂ ಬಂದವರಲ್ಲ.

ಲೆಕ್ಕಪತ್ರ:
ಎಲ್ಲರೂ ಹೊಗಳುತ್ತಿದ್ದೀರಿ, ನಾನೊಬ್ಬ ಆಡಿಟ್ ಇಲಾಖೆಯವನು ಹುಳಿ ಹಿಂಡಲೇಬೇಕು. ಬಾರ್ಟನ್ 1904ರಲ್ಲಿ ರೆಡ್ ಕ್ರಾಸ್ ಬಿಟ್ಟದ್ದು ತಾವಾಗಿ ಅಲ್ಲ. 23 ವರ್ಷ ಅಧ್ಯಕ್ಷರಾಗಿದ್ದರು, ಎರಡನೆಯವರನ್ನು ಬೆಳೆಸಲಿಲ್ಲ. ಸಂಸ್ಥೆಯ ಹಣ, ತನ್ನ ಹಣ ಒಂದೇ ಗಂಟು. ಮೇಬಲ್ ಬೋರ್ಡ್‌ಮನ್ ಎಂಬ ಸದಸ್ಯೆಯ ಗುಂಪು ಲೆಕ್ಕ ಎಲ್ಲಿ ಎಂದು ಕೇಳಿತು, ತನಿಖೆ ಬಂತು, 82ನೇ ವಯಸ್ಸಿನಲ್ಲಿ ಕೆಳಗಿಳಿದರು. ರಸೀದಿ ಇಲ್ಲದ ಸೇವೆ ಎಷ್ಟೇ ದೊಡ್ಡದಾಗಿದ್ದರೂ ನನ್ನ ಮೇಜಿನ ಮೇಲೆ ಪಾಸಾಗುವುದಿಲ್ಲ.

ತುಂಗಾತೀರ:
ತನಿಖೆಯಲ್ಲಿ ಆಕೆ ಒಂದು ಡಾಲರ್ ಜೇಬಿಗೆ ಹಾಕಿಕೊಂಡರೆಂದು ಸಾಬೀತಾಯಿತೇ? ಇಲ್ಲ. ಸಂಬಳವನ್ನೇ ಪಡೆಯದೆ ಕೈಯಿಂದ ಹಾಕಿದವರು. ಗಂಟು ಒಂದೇ ಎನ್ನುತ್ತೀರಿ, ಆ ಗಂಟಿನಿಂದ ಹರಿದದ್ದು ಯಾವ ಕಡೆಗೆ ಎಂದೂ ಹೇಳಿ.

1889ರ ಮೇ 31ರಂದು ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಮೇಲಿನ ಅಣೆಕಟ್ಟೆ ಒಡೆದು 2,209 ಜನ ಸತ್ತರು. 67ರ ಹರೆಯದ ಈ ಹೆಂಗಸು ಐದನೇ ದಿನ ಅಲ್ಲಿಗೆ ಹೋಗಿ ಐದು ತಿಂಗಳು ನಿಂತರು, ಮನೆ ಕಳೆದುಕೊಂಡವರಿಗೆ ವಾಸದ ಕಟ್ಟಡಗಳನ್ನೇ ಎಬ್ಬಿಸಿದರು. 1893ರಲ್ಲಿ ದಕ್ಷಿಣ ಕ್ಯಾರೊಲಿನಾದ ದ್ವೀಪಗಳಿಗೆ ಚಂಡಮಾರುತ ಬಡಿದಾಗ ಸುಮಾರು 30,000 ಜನರನ್ನು ಹತ್ತು ತಿಂಗಳು ಸಾಕಿದರು, ಹೆಚ್ಚಿನವರು ಗುಲಾಮಗಿರಿಯಿಂದ ಬಿಡುಗಡೆಯಾಗಿದ್ದ ಕಪ್ಪು ಜನ. ಸುಮ್ಮನೆ ಕೂರಿಸಿ ಉಣಿಸಲಿಲ್ಲ. ಜೋಳದ ನುಚ್ಚು ಅಳೆದು ಕೊಟ್ಟು, ಉಪ್ಪುನೀರು ನಿಂತ ಹೊಲಗಳಲ್ಲಿ ಅವರಿಂದಲೇ ಬಸಿಗಾಲುವೆ ತೋಡಿಸಿ, ಬಿತ್ತನೆ ಬೀಜ ಹಂಚಿದರು. ನಮ್ಮಲ್ಲಿ ಕೂಲಿಗಾಗಿ ಕಾಳು ಎಂದರಲ್ಲ, ಅದೇ. 1900ರಲ್ಲಿ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಕೊಚ್ಚಿಹೋದಾಗ 78ನೇ ವಯಸ್ಸು. ಅಲ್ಲಿ ಸ್ಟ್ರಾಬೆರಿ ಬೆಳೆಗಾರರಿಗೆ ಹದಿನೈದು ಲಕ್ಷ ಸಸಿ ತರಿಸಿಕೊಟ್ಟರು. ಅನ್ನ ಕೊಟ್ಟವರು ಬಹಳ, ಸಸಿ ಕೊಟ್ಟವರನ್ನು ತೋರಿಸಿ.

ಲೆಕ್ಕಪತ್ರ:
ಹದಿನೈದು ಲಕ್ಷ ಸಸಿ ಎಂದು ಎಣಿಸಿದವರು ಯಾರು? ಎಣಿಸಿದ್ದರೆ ರಸೀದಿಯೂ ಇತ್ತು ಎಂದಾಯಿತು. ನಾನು ಸೋತೆ, ಆದರೆ ಆಕ್ಷೇಪಣೆ ಕಡತದಲ್ಲಿ ಇರಲಿ.

ಹಳೆಪೇಪರ್:
ಇಲ್ಲಿ ಒಂದು ಮುಖ್ಯ ಸಂಗತಿ ತಪ್ಪಿಹೋಗುತ್ತಿದೆ. ರೆಡ್ ಕ್ರಾಸ್ ಮೂಲದಲ್ಲಿ ಯುದ್ಧಕ್ಕೆ ಮಾತ್ರ. ನೆರೆ, ಬರ, ಬೆಂಕಿಗೂ ಅದು ಹೋಗಬೇಕು ಎಂದು ಹಟ ಹಿಡಿದವರು ಬಾರ್ಟನ್. ಅಮೆರಿಕ ಜಿನೀವಾ ಒಪ್ಪಂದಕ್ಕೆ 1882ರವರೆಗೂ ಸಹಿ ಹಾಕಿರಲಿಲ್ಲ. ಯೂರೋಪಿನ ಜಗಳ ನಮಗೇಕೆ, ನಮ್ಮಲ್ಲಿ ಇನ್ನು ಯುದ್ಧ ಎಲ್ಲಿ ಬರುತ್ತದೆ ಎಂಬ ಧೋರಣೆ. ಯುದ್ಧ ಬಾರದಿದ್ದರೂ ನೆರೆ ಬರುತ್ತದಲ್ಲ ಎಂಬುದು ಆಕೆಯ ಉತ್ತರ. 1884ರ ಜಿನೀವಾ ಸಮ್ಮೇಳನದಲ್ಲಿ ಆ ವಿಚಾರಕ್ಕೆ ಒಪ್ಪಿಗೆ ಸಿಕ್ಕಿತು, "ಅಮೆರಿಕದ ತಿದ್ದುಪಡಿ" ಎಂದೇ ಹೆಸರಾಯಿತು. ಇಂದು ನಮ್ಮ ನದಿಗಳಲ್ಲಿ ಪ್ರವಾಹ ಬಂದಾಗ ರೆಡ್ ಕ್ರಾಸ್‌ನವರು ಹೊದಿಕೆ, ಪಾತ್ರೆ ತಂದರೆ ಅದರ ಬೇರು ಅಲ್ಲಿದೆ. ನಮ್ಮ ಭಾರತೀಯ ರೆಡ್ ಕ್ರಾಸ್ ಕಾಯ್ದೆ ಬಂದದ್ದು 1920ರಲ್ಲಿ.

ಬೆಣ್ಣೆದೋಸೆ:
ರೆಡ್ ಕ್ರಾಸ್ ಎಂದಾಗ ನೆನಪಾಯಿತು. ನಮ್ಮ ಬೀದಿಯ ಡಾಕ್ಟರ ಕಾರಿನ ಗಾಜಿಗೆ ಕೆಂಪು ಶಿಲುಬೆ ಇದೆ. ಅವರೂ ಸದಸ್ಯರೇ?

ರಾತ್ರಿಪಾಳಿ:
ಅದು ತಪ್ಪು. ಡಾಕ್ಟರು, ಔಷಧಿ ಅಂಗಡಿ, ಖಾಸಗಿ ಆಂಬುಲೆನ್ಸ್ ಯಾರೂ ಬಿಳಿಯ ಮೇಲೆ ಕೆಂಪು ಶಿಲುಬೆ ಹಾಕುವಂತಿಲ್ಲ. ಅದು ವೈದ್ಯವೃತ್ತಿಯ ಗುರುತೇ ಅಲ್ಲ, ಯುದ್ಧದಲ್ಲಿ "ಇವರ ಮೇಲೆ ಗುಂಡು ಹಾರಿಸಬೇಡಿ" ಎನ್ನುವ ಗುರುತು.

ಲೆಕ್ಕಪತ್ರ:
1960ರ ಜಿನೀವಾ ಒಪ್ಪಂದಗಳ ಕಾಯ್ದೆ. ಐನೂರು ರೂಪಾಯಿವರೆಗೆ ದಂಡ. ಆ ಐನೂರು ಅಂದಿನಿಂದ ಇಂದಿನವರೆಗೆ ಏರಿಲ್ಲ, ಅದಕ್ಕೇ ಯಾರಿಗೂ ಭಯವಿಲ್ಲ.

ನಿವೃತ್ತ ಮೇಷ್ಟರು:
ನನ್ನ ಮನೆಯ ಪ್ರಥಮ ಚಿಕಿತ್ಸೆಯ ಡಬ್ಬಿಯ ಮೇಲೆ ನಾನೇ ಕೆಂಪು ಬಣ್ಣದಲ್ಲಿ ಬರೆದಿದ್ದೇನೆ. ಈಗಲೇ ಹಸಿರು ಬಳಿಯುತ್ತೇನೆ.

ಮೇರಿಲ್ಯಾಂಡ್‌ವಾಸಿ:
ತಡವಾಗಿ ಬಂದೆ, ಇಲ್ಲಿ ಈಗ ಬೆಳಗು. ನಮ್ಮ ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಗ್ಲೆನ್ ಎಕೋ ಎಂಬಲ್ಲಿ ಬಾರ್ಟನ್ ಕೊನೆಯ ದಿನಗಳನ್ನು ಕಳೆದ ಮನೆ ಇದೆ. ಊರಿನಿಂದ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಿದ್ದೆ. ಜಾನ್ಸ್‌ಟೌನ್‌ನಲ್ಲಿ ಕಟ್ಟಿದ್ದ ತಾತ್ಕಾಲಿಕ ಕಟ್ಟಡಗಳನ್ನು ಬಿಚ್ಚಿ, ಆ ಮರವನ್ನೇ ತಂದು ಕಟ್ಟಿದ ಮನೆ. ಒಳಗೆ ಹೋದರೆ ಮನೆಗಿಂತ ಉಗ್ರಾಣ ಅನ್ನಿಸುತ್ತದೆ. ಉದ್ದನೆಯ ನಡುಮನೆ, ಎರಡೂ ಕಡೆ ಗೋಡೆಯೊಳಗೆ ಬೀರುಗಳ ಸಾಲು, ಹೊದಿಕೆ ಬ್ಯಾಂಡೇಜು ತುಂಬಿಡುವುದಕ್ಕೆ. ಅಟ್ಟದ ತಳಕ್ಕೆ ಹಲಗೆಯ ಬದಲು ಮಸ್ಲಿನ್ ಬಟ್ಟೆ ಬಿಗಿದಿದ್ದಾರೆ. ಅಮ್ಮ ತಲೆ ಎತ್ತಿ ನೋಡಿ, "ಇವರಿಗೆ ಮಲಗುವಾಗಲೂ ಬ್ಯಾಂಡೇಜೇ ಕಾಣಬೇಕಿತ್ತೇನೋ" ಎಂದರು. 1912ರ ಏಪ್ರಿಲ್ 12ರಂದು ಅಲ್ಲಿಯೇ ತೀರಿಕೊಂಡರು, 90 ವರ್ಷ. ಮೂರನೇ ದಿನ ಟೈಟಾನಿಕ್ ಮುಳುಗಿತು, ಪತ್ರಿಕೆಗಳಲ್ಲಿ ಬೇರೆ ಯಾವ ಸುದ್ದಿಗೂ ಜಾಗ ಉಳಿಯಲಿಲ್ಲ.

ಆದರೆ ನಾನು ಹೇಳಲು ಬಂದದ್ದು ವಾಷಿಂಗ್ಟನ್ನಿನ ಏಳನೇ ಬೀದಿಯ ಮನೆಯ ವಿಷಯ. 1990ರ ದಶಕದಲ್ಲಿ ಕೆಡವಬೇಕೆಂದಿದ್ದ ಒಂದು ಹಳೆಯ ಕಟ್ಟಡವನ್ನು ಪರಿಶೀಲಿಸಲು ಒಬ್ಬ ಸರ್ಕಾರಿ ಬಡಗಿಯನ್ನು ಕಳಿಸಿದರು. ಮೂರನೇ ಮಹಡಿಯ ಮಾಡಿನ ಸಂದಿಯಿಂದ ಒಂದು ಲಕೋಟೆ ಇಣುಕುತ್ತಿತ್ತು. ಏಣಿ ಹಾಕಿ ಹತ್ತಿದ. ಅಟ್ಟದ ತುಂಬ 1860ರ ದಶಕದ ಕಾಗದ, ಬಟ್ಟೆ, ಒಂದು ತಗಡಿನ ಫಲಕ: ಕಾಣೆಯಾದ ಸೈನಿಕರ ಕಚೇರಿ, ಮೂರನೇ ಮಹಡಿ, ಕೊಠಡಿ 9, ಮಿಸ್ ಕ್ಲಾರಾ ಬಾರ್ಟನ್. ನೂರಮೂವತ್ತು ವರ್ಷ ಹಾಗೆಯೇ ಇತ್ತು. ಈಗ ಅದು ಸಂಗ್ರಹಾಲಯ.

ಕಾಫಿತೋಟ:
ಕಾಣೆಯಾದ ಸೈನಿಕರ ಕಚೇರಿ ಎಂದರೆ ಏನು ಮಾಡುತ್ತಿದ್ದರು? ದಯವಿಟ್ಟು ಸ್ವಲ್ಪ ವಿವರವಾಗಿ ಹೇಳುತ್ತೀರಾ?

ಮೇರಿಲ್ಯಾಂಡ್‌ವಾಸಿ:
ಯುದ್ಧ ಮುಗಿದಾಗ ಲಕ್ಷಾಂತರ ಮನೆಗಳಲ್ಲಿ ಮಗ ಸತ್ತನೋ ಬದುಕಿದ್ದಾನೋ ಗೊತ್ತಿರಲಿಲ್ಲ. ಸೈನಿಕರ ಕೊರಳಲ್ಲಿ ಗುರುತಿನ ಬಿಲ್ಲೆ ಇಲ್ಲದ ಕಾಲ. ತಾಯಂದಿರು ಬಾರ್ಟನ್‌ಗೆ ಬರೆಯತೊಡಗಿದರು, ನೀವು ಅಲ್ಲಿದ್ದಿರಲ್ಲ, ನಮ್ಮ ಹುಡುಗನನ್ನು ನೋಡಿದಿರಾ ಎಂದು. 1865ರ ಮಾರ್ಚಿನಲ್ಲಿ ಅಧ್ಯಕ್ಷ ಲಿಂಕನ್ ಅನುಮತಿ ಪತ್ರ ಕೊಟ್ಟರು. ಕಾಣೆಯಾದವರ ಹೆಸರುಗಳನ್ನು ರಾಜ್ಯವಾರು ಅಚ್ಚು ಹಾಕಿಸಿ ಅಂಚೆ ಕಚೇರಿಗಳಲ್ಲಿ ಅಂಟಿಸುವುದು, ಜೊತೆಗಿದ್ದ ಸೈನಿಕರು ಯಾರಾದರೂ ನೋಡಿ ಬರೆದರೆ ಮನೆಗೆ ತಿಳಿಸುವುದು. ನಾಲ್ಕು ವರ್ಷದಲ್ಲಿ ಬಂದ ವಿಚಾರಣಾ ಪತ್ರಗಳು 63,182. ಗತಿ ತಿಳಿದದ್ದು 22,000ಕ್ಕೂ ಹೆಚ್ಚು ಮಂದಿಯದು. ಮೊದಲು ಕೈಯಿಂದಲೇ ಖರ್ಚು ಮಾಡಿದರು, 1866ರಲ್ಲಿ ಅಮೆರಿಕದ ಸಂಸತ್ತು 15,000 ಡಾಲರ್ ಕೊಟ್ಟಿತು.

ಒಬ್ಬನಂತೂ ಪಟ್ಟಿಯಲ್ಲಿ ತನ್ನ ಹೆಸರು ಕಂಡು ರೇಗಿ ಬರೆದ: ನಾನೇನು ತಪ್ಪು ಮಾಡಿದೆನೆಂದು ದೇಶವೆಲ್ಲ ನನ್ನ ಹೆಸರು ಸಾರುತ್ತಿದ್ದೀರಿ, ಬೇಕಾದಾಗ ನಾನೇ ಮನೆಗೆ ಬರೆಯುತ್ತೇನೆ ಎಂದು. ನೀನು ನಿನ್ನ ಮನೆಯವರ ಬಗ್ಗೆ ಯೋಚಿಸುವುದಕ್ಕಿಂತ ಹೆಚ್ಚು ಅವರು ನಿನ್ನ ಬಗ್ಗೆ ಯೋಚಿಸಿದ್ದೇ ಅವರ ದುರದೃಷ್ಟ ಎಂಬ ಅರ್ಥದಲ್ಲಿ ಬಾರ್ಟನ್ ಉತ್ತರ ಕೊಟ್ಟರು.

ಹಳೆಪೇಪರ್:
ಇದಕ್ಕೆ ಆಂಡರ್ಸನ್‌ವಿಲ್ ಸೇರಿಸಬೇಕು. ಜಾರ್ಜಿಯಾದಲ್ಲಿದ್ದ ದಕ್ಷಿಣದವರ ಸೆರೆಶಿಬಿರ, ಅಲ್ಲಿ ಸುಮಾರು 13,000 ಕೈದಿಗಳು ಹಸಿವು, ಭೇದಿಯಿಂದ ಸತ್ತರು. ಡೊರೆನ್ಸ್ ಆಟ್‌ವಾಟರ್ ಎಂಬ ಹತ್ತೊಂಬತ್ತು ವರ್ಷದ ಕೈದಿಗೆ ಸತ್ತವರ ಪಟ್ಟಿ ಬರೆಯುವ ಕೆಲಸ ಕೊಟ್ಟಿದ್ದರು. ಅವನು ಗುಟ್ಟಾಗಿ ಇನ್ನೊಂದು ಪ್ರತಿ ಬರೆದಿಟ್ಟುಕೊಂಡು ಹೊರಗೆ ತಂದ. 1865ರ ಬೇಸಿಗೆಯಲ್ಲಿ ಆ ಪಟ್ಟಿ ಹಿಡಿದುಕೊಂಡು ಅವನೂ ಬಾರ್ಟನ್ನೂ ಸೇನೆಯವರೊಂದಿಗೆ ಅಲ್ಲಿಗೆ ಹೋದರು. ಸಮಾಧಿಯ ಸಂಖ್ಯೆಗೆ ಪಟ್ಟಿಯ ಹೆಸರು ಹೊಂದಿಸಿ ಒಂದೊಂದಕ್ಕೂ ಹಲಗೆ ನೆಟ್ಟರು. ಹೆಸರು ಸಿಗದೆ ಉಳಿದದ್ದು ಐನೂರಕ್ಕಿಂತ ಕಡಿಮೆ. ಆಗಸ್ಟ್ 17ರಂದು ಧ್ವಜ ಏರಿಸಿದವರು ಬಾರ್ಟನ್.

ಆಟ್‌ವಾಟರ್‌ಗೆ ಸಿಕ್ಕ ಬಹುಮಾನ ಕೇಳಿ. ಆ ಪಟ್ಟಿ ಸರ್ಕಾರದ ಸ್ವತ್ತು, ನೀನು ಕದ್ದೆ ಎಂದು ಅವನದೇ ಸೇನೆ ಅವನನ್ನು ಜೈಲಿಗೆ ಹಾಕಿತು.

ರಾತ್ರಿಪಾಳಿ:
ನಮ್ಮ ಆಯಾ ಮತ್ತೆ ನೆನಪಾದರು.

ಲೆಕ್ಕಪತ್ರ:
ಈ ಸಲ ನಾನು ಬಾಯಿ ತೆರೆಯುವುದಿಲ್ಲ.

ಕಾಫಿತೋಟ:
ಕೇಳಿದ್ದಕ್ಕೆ ಕಾರಣ ಹೇಳುತ್ತೇನೆ. ನಮ್ಮ ಅಜ್ಜನ ತಮ್ಮ ಸಕಲೇಶಪುರದ ಕಡೆಯ ನಮ್ಮ ಹಳ್ಳಿಯಿಂದ 1941ರಲ್ಲಿ ಬೆಂಗಳೂರಿಗೆ ಹೋಗಿ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಸೇರಿದ್ದರು. ಸಮುದ್ರ ದಾಟಿ ಹೋಗುತ್ತಿದ್ದೇವೆ ಎಂದು ಒಂದು ಕಾರ್ಡ್ ಬಂತು. ಅದರಲ್ಲಿ ಎರಡು ಸಾಲಿಗೆ ಕಪ್ಪು ಮಸಿ ಬಳಿದಿತ್ತು. ಆಮೇಲೆ ಏನೂ ಇಲ್ಲ. ಚಿಕ್ಕಜ್ಜಿಗೆ ಆಗ ಹದಿನೇಳು. ಸತ್ತರೆಂದು ಯಾರೂ ಹೇಳಲಿಲ್ಲವಾದ್ದರಿಂದ ಅವರು ಕುಂಕುಮ ಅಳಿಸಲಿಲ್ಲ, 1978ರಲ್ಲಿ ಕುಂಕುಮ ಇಟ್ಟುಕೊಂಡೇ ಹೋದರು. ತಿಥಿ ಗೊತ್ತಿಲ್ಲದ ಕಾರಣ ನಮ್ಮ ಮನೆಯಲ್ಲಿ ಇವತ್ತಿಗೂ ಮಹಾಲಯ ಅಮಾವಾಸ್ಯೆಯಂದು ಅವರ ಹೆಸರಿನಲ್ಲಿ ಒಂದು ಎಡೆ ಇಡುತ್ತೇವೆ. ನನ್ನ ಅಪ್ಪ ಎಡೆ ಇಡುವಾಗ ಪ್ರತಿ ವರ್ಷ "ಇದ್ದರೆ ಕ್ಷಮಿಸಿ" ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ನಮಗೆ ನಗು ಬರುತ್ತಿತ್ತು.

ನಿವೃತ್ತ ಮೇಷ್ಟರು:
ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಹಳೆಪೇಪರ್:
ಕಾಫಿತೋಟ ಅವರೇ, ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು, ಉಚಿತ. ಭಾರತದ ಸೈನಿಕರ ಅನೇಕ ದಾಖಲೆಗಳಲ್ಲಿ ತಂದೆಯ ಹೆಸರು, ಊರು, ಜಿಲ್ಲೆಯೂ ಇರುತ್ತದೆ. ಸಮಾಧಿ ಇಲ್ಲದವರ ಹೆಸರುಗಳನ್ನು ಸಿಂಗಪುರದ ಕ್ರಾಂಜಿ ಸ್ಮಾರಕದಲ್ಲಿ, ಬರ್ಮಾದ ರಂಗೂನ್ ಸ್ಮಾರಕದಲ್ಲಿ ಕಲ್ಲಿನಲ್ಲಿ ಕೆತ್ತಿದ್ದಾರೆ. ಕ್ರಾಂಜಿಯಲ್ಲಿ 24,000ಕ್ಕೂ ಹೆಚ್ಚು, ರಂಗೂನಿನಲ್ಲಿ ಸುಮಾರು 27,000 ಹೆಸರು. ಮನೆಯಲ್ಲಿ ಹಳೆಯ ಕಾಗದ, ಪಿಂಚಣಿ ಚೀಟಿ ಏನಾದರೂ ಇದ್ದರೆ ಸೈನಿಕ ಸಂಖ್ಯೆ ನೋಡಿ, ಅದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಬ್ರಿಟಿಷ್ ಗುಮಾಸ್ತರು ನಮ್ಮ ಹೆಸರುಗಳನ್ನು ಕಿವಿಗೆ ಕೇಳಿದಂತೆ ಬರೆದಿದ್ದಾರೆ. ಗೌಡ ಎಂಬುದನ್ನೇ ನಾಲ್ಕು ಬಗೆಯಲ್ಲಿ ಹುಡುಕಬೇಕಾದೀತು, ಬೇಸರಪಡಬೇಡಿ.

ಹೊಸಮನೆ:
ಎಲ್ಲರಿಗೂ ವಂದನೆಗಳು. ಮಗಳು ಪೂರ್ತಿ ಓದಿದಳು. "ತರಬೇತಿ ಪಡೆದ" ಎಂಬುದನ್ನೂ "ದೇವತೆ"ಯನ್ನೂ ಅವಳೇ ಹೊಡೆದುಹಾಕಿದಳು, ಟೀಚರ್ ಏನಾದರೂ ಎಂದರೆ ರಾತ್ರಿಪಾಳಿ ಆಂಟಿ ಹೇಳಿದ್ದಾರೆ ಎನ್ನುತ್ತಾಳಂತೆ. ಏಣಿ ಹತ್ತಿದ ಬಡಗಿಯಿಂದ ಶುರು ಮಾಡಿ, ಅಟ್ಟದ ಫಲಕ, ಅಲ್ಲಿಂದ ಹಿಂದಕ್ಕೆ ಯುದ್ಧ ಎಂದು ಬರೆದುಕೊಂಡಿದ್ದಾಳೆ. ಮಾವನವರ ಮುಂದೆ ಒಮ್ಮೆ ಹೇಳಿ ತೋರಿಸಿದಳು. ಏಳು ನಿಮಿಷವಾಯಿತು. ಈಗ ಎರಡು ನಿಮಿಷ ಕತ್ತರಿಸಬೇಕು. ಸ್ಟ್ರಾಬೆರಿ ಬಿಡು ಎಂದರೆ ಒಪ್ಪುತ್ತಿಲ್ಲ.

ಬೆಣ್ಣೆದೋಸೆ:
ಸ್ಟ್ರಾಬೆರಿ ಇರಲಿ. ಜಿಗಣೆ ಬಿಡಲಿ.

ಕಾಫಿತೋಟ:
ಹಳೆಪೇಪರ್ ಅವರಿಗೆ: ನಿನ್ನೆ ರಾತ್ರಿ ಹುಡುಕಿದೆ. ಅಜ್ಜನ ತಮ್ಮನ ಹೆಸರು, ಮೈಸೂರು ಎಂಬ ಊರು, ಎರಡೂ ಹೊಂದುವವರು ಮೂವರು ಸಿಕ್ಕಿದರು. ತಂದೆಯ ಹೆಸರು ಇಬ್ಬರಿಗೆ ಬರೆದಿಲ್ಲ, ಒಬ್ಬರದ್ದು ನಮ್ಮ ಮುತ್ತಜ್ಜನ ಹೆಸರಿನ ಹತ್ತಿರ ಇದೆ, ಒಂದಕ್ಷರ ವ್ಯತ್ಯಾಸ. ಅವರ ಮುಂದೆ ಒಂದು ದಿನಾಂಕವೂ ಇದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಅಟ್ಟದಲ್ಲಿ ಚಿಕ್ಕಜ್ಜಿಯ ಟ್ರಂಕ್ ಇದೆ, ಆ ಕಾರ್ಡ್ ಅದರಲ್ಲೇ ಇರಬೇಕು. ಭಾನುವಾರ ಹೋಗಿ ಸಂಖ್ಯೆ ನೋಡಿ ಬರುತ್ತೇನೆ.